ಮದುವೆಯ ಮಂಟಪವೂ ಇಸ್ತ್ರಿಯ ಇದ್ದಿಲೂ



1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಗೆದ್ದ ಪ್ರಕಾಶ್ ಪಡುಕೋಣೆಯವರು ಬಾಲ್ಯದಲ್ಲಿ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಮಂಟಪದಲ್ಲಿ, ಲಗ್ನಗಳಿಲ್ಲದ ದಿನಗಳನ್ನು ನೋಡಿಕೊಂಡು ಅಭ್ಯಾಸ ನಡೆಸಿದರೆಂಬುದನ್ನು, ಅನುಕೂಲಗಳಿಲ್ಲದೆಯೂ ಪ್ರತಿಭೆ ಅರಳುವುದಕ್ಕೆ ನಿದರ್ಶನವೆಂದು ನಾವೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಅವರ ತಂದೆ ರಮೇಶ್ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದರೆಂಬ ಅಂಶವನ್ನು ಏತಕ್ಕೋ ಮರೆತುಬಿಡುತ್ತೇವೆ. ಮಂಟಪವು ಎರವಲಿನದಾದರೂ ಮನೆಯ ಗಾಳಿಯಲ್ಲಿ ಆಟವಿದ್ದಿತು.

ಅಂಥ ಗಾಳಿಯಿಲ್ಲದ ಮನೆಯವಳಾದ, ನಮ್ಮ ಬೀದಿಯಲ್ಲಿ ಇಸ್ತ್ರಿ ಮಾಡುವವರ ಮಗಳೊಬ್ಬಳು, ಅನ್ಯರು ಬಿಸುಟ, ಎರಡು ಗರಿ ಮುರಿದ ಷಟಲ್ ಕಾಕುಗಳನ್ನು ಆಯ್ದು ಗೋಂದು ಹಚ್ಚಿ, ಗೋಡೆಗೆ ಹೊಡೆಯುತ್ತ ಸಂಜೆಯನ್ನು ಕಳೆಯುತ್ತಾಳೆ. ಆಕೆಯ ಕೈಚಳಕವನ್ನು ಕಂಡು ಸಮೀಪದ ತರಬೇತಿ ಕೇಂದ್ರವೊಂದಕ್ಕೆ ನಾನೇ ಕರೆದೊಯ್ದಾಗ, ಅಲ್ಲಿನವರು ಆಟವನ್ನು ನೋಡುವುದಕ್ಕೆ ಮೊದಲೇ ಮೂರು ತಿಂಗಳ ಶುಲ್ಕದ ಚೀಟಿಯನ್ನು ಕೈಗಿತ್ತರು. ಶುಲ್ಕವನ್ನು ಬೀದಿಯ ನಾವು ನಾಲ್ವರು ಕೂಡಿ ಭರಿಸಬಹುದಾಗಿದ್ದಿತು. ಆದರೆ ಬೆಳಗಿನ ಐದು ಗಂಟೆಗೆ ಮಗಳನ್ನು ಅಲ್ಲಿಗೆ ಮುಟ್ಟಿಸಿ ಬರುವುದಾದರೆ ಇದ್ದಿಲು ಹೊತ್ತಿಸುವವರು ಯಾರೆಂದು ಅವಳ ತಾಯಿ ಕೇಳಿದಾಗ, ನನ್ನಲ್ಲಿ ಉತ್ತರವಿರಲಿಲ್ಲ.


ಓರ್ವ ಓದುಗ, ಬೆಂಗಳೂರು