ಕೊಂಡಿ ಕಾಣಿಸಿದರೇನು?

ಬಾಗಲಕೋಟೆಯ ಕಾಲೇಜೊಂದರ ಇಬ್ಬರು ವಿದ್ಯಾರ್ಥಿಗಳು ನೇಕಾರರ ಲೆಕ್ಕಕ್ಕೆಂದು ಪ್ರೋಗ್ರಾಮೊಂದನ್ನು ಕೂಡಿ ಬರೆಯುತ್ತಿರುವರೆಂದು ಭಾವಿಸೋಣ. ರಜೆಯಲ್ಲಿ ಆತನು ಬಾದಾಮಿಗೂ ಆಕೆಯು ಇಳಕಲ್ಲಿಗೂ ತೆರಳಿದರು. ಆತನು ಮೂರು ಕಮಿಟ್‌ಗಳನ್ನು ಬರೆದು ಸರ್ವರಿಗೆ ಕಳುಹಿಸಿದನು. ಆಕೆಯ ಎರಡು ಕಮಿಟ್‌ಗಳು ಇನ್ನೂ ಆಕೆಯ ಯಂತ್ರದಲ್ಲಿಯೇ ಇವೆ. ಈಗ ಆಕೆಯು ‘ಗಿಟ್ ಪುಲ್’ ಎಂದು ಆಜ್ಞೆಯಿತ್ತರೆ ಏನಾಗುವುದು?

ಪುಲ್ ಎಂಬುದರಲ್ಲಿ ಎರಡು ಕೆಲಸಗಳಿವೆ. ಮೊದಲನೆಯದು ದೂರದ ಕಮಿಟ್‌ಗಳನ್ನು ತರುವುದು, ಇದು ನಿರಪಾಯಕರ. ಎರಡನೆಯದು ಅವನ್ನು ನಮ್ಮ ಕವಲಿಗೆ ಸೇರಿಸುವುದು. ಆಕೆಯು ಏನನ್ನೂ ಬರೆದಿರದಿದ್ದರೆ ಕವಲಿನ ತುದಿಯು ಸುಮ್ಮನೆ ಮುಂದೆ ಸರಿಯುತ್ತಿತ್ತು. ಬರೆದಿರುವುದರಿಂದ ದಾರಿ ಎರಡಾಗಿದೆ. ಮರ್ಜ್ ಮಾಡಿದರೆ ಎರಡು ಕವಲುಗಳೂ ಇದ್ದಂತೆಯೇ ಉಳಿದು, ಅವನ್ನು ಕೂಡಿಸುವ ಹೊಸ ಕಮಿಟ್ ಒಂದು ಹುಟ್ಟುತ್ತದೆ. ರಿಬೇಸ್ ಮಾಡಿದರೆ ಆಕೆಯ ಎರಡು ಕಮಿಟ್‌ಗಳು ಆತನ ಮೂರರ ಮೇಲೆ ಹೊಸದಾಗಿ ಬರೆಯಲ್ಪಟ್ಟು, ಇತಿಹಾಸವು ಒಂದೇ ನೇರ ಗೆರೆಯಾಗುತ್ತದೆ.

ಅನೇಕರು ನೇರ ಗೆರೆಯನ್ನೇ ಚೆಲುವೆಂದು ಮೆಚ್ಚುತ್ತಾರೆ. ನನಗದು ಅಷ್ಟಾಗಿ ಒಪ್ಪಿಗೆಯಿಲ್ಲ. ಕಮಿಟ್‌ನ ಗುರುತು, ಸಾಮಾನ್ಯವಾಗಿ 40 ಅಂಕಾಕ್ಷರಗಳದು, ಅದರ ಬರಹದಿಂದಷ್ಟೇ ಅಲ್ಲದೆ ಹಿಂದಿನ ಕಮಿಟ್‌ನ ಗುರುತಿನಿಂದಲೂ ಲೆಕ್ಕವಾಗುತ್ತದೆ. ಹಿಂದಿನದು ಬದಲಾದರೆ ಇದೂ ಬದಲಾಗಲೇಬೇಕು. ಆಕೆಯು ಪರೀಕ್ಷಿಸಿ ಸರಿಯೆಂದು ಕಂಡಿದ್ದ ಮೊದಲನೆಯ ಕಮಿಟ್‌ನ ನಕಲು ಈಗ ಆತನ ಬರಹದ ಮೇಲೆ ಕುಳಿತಿದೆ. ಆ ರೂಪದಲ್ಲಿ ಅದನ್ನು ಯಾರೂ ಓಡಿಸಿ ನೋಡಿಲ್ಲ! ಎರಡು ಬರಹಗಳೂ ಬೇರೆಬೇರೆಯಾಗಿ ಸರಿಯಿದ್ದು, ಕೂಡಿದಾಗ ಮಾತ್ರ ಲೆಕ್ಕ ತಪ್ಪಿತೆನ್ನಿ. ಮರ್ಜ್‌ನ ಇತಿಹಾಸವು ದೋಷವನ್ನು ಕೂಡುವ ಜಾಗದಲ್ಲಿಯೇ ತೋರಿಸುತ್ತದೆ; ನೇರ ಗೆರೆಯು ಅದನ್ನು ಆಕೆಯ ತಲೆಗೆ ಕಟ್ಟುತ್ತದೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೊಂಡಿಯನ್ನು ದೋಷವೆಂದು ಹುನಗುಂದ ಸೀಮೆಯಲ್ಲಿ ಯಾರಾದರೂ ಎಣಿಸಿಯಾರೆ?

ಹಾಗೆಂದು ರಿಬೇಸ್ ತ್ಯಾಜ್ಯವಲ್ಲ. ಯಾರಿಗೂ ಕಳುಹಿಸದ ಸಣ್ಣಪುಟ್ಟ ತಿದ್ದುಪಡಿಗಳಿಗೆಲ್ಲ ಮರ್ಜ್ ಮಾಡುತ್ತ ಹೋದರೆ ಇತಿಹಾಸವು ಜೇಡರ ಬಲೆಯಾಗುವುದು ದಿಟ. ಆದರೆ ಒಮ್ಮೆ ಕಳುಹಿಸಿದುದನ್ನು ರಿಬೇಸ್ ಮಾಡಲಾಗದು. ಗೆಳೆಯನ ಬಳಿ ಹಳೆಯ ಪ್ರತಿಯೂ ಸರ್ವರಿನಲ್ಲಿ ಹೊಸದೂ ಉಳಿದು, ಅವು ಕೂಡಿದಾಗ ಒಂದೇ ಕೆಲಸವು ಎರಡು ಸಲ ಕಾಣಿಸಿಕೊಳ್ಳುತ್ತದೆ.

2021ರಿಂದೀಚೆಗೆ, ಕವಲುಗಳು ಹೀಗೆ ಅಗಲಿದ್ದು ನಾವು ಯಾವ ಆಯ್ಕೆಯನ್ನೂ ತಿಳಿಸಿರದಿದ್ದರೆ, ಗಿಟ್ ತಾನಾಗಿ ಸೇರಿಸದೆ ನಿಂತುಬಿಡುತ್ತದೆ. ಆಗ ಪರದೆಯ ಮೇಲಿನ ಯಾವುದೋ ಸಾಲನ್ನು ನಕಲಿಸಿ ಒತ್ತುವ ಅವಸರವೇಕೆ? ‘ಗಿಟ್ ಫೆಚ್’ ಎಂದಷ್ಟೇ ಹೇಳಿ, ಬಾದಾಮಿಯ ಗೆಳೆಯನು ಬರೆದುದನ್ನು ಆಕೆಯು ಲಾಗ್‌ನಲ್ಲಿ ಓದಲಿ. ಬಳಿಕ ಮರ್ಜ್ ಮಾಡಲಿ.