ದಂಡಕ್ಕಿಂತ ಪರೀಕ್ಷೆ ಲೇಸು

ಎಂಜಿನ್ನಿನ ಶಕ್ತಿ ಹೆಚ್ಚಿಸಲೆಂದು ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡನ್ನು ಮನೆಯಂಗಳದಲ್ಲೇ ಬದಲಿಸುವ ಯುವಕರನ್ನು ಪುಂಡರೆಂದು ಕರೆಯಲು ನಾನು ಸಿದ್ಧನಿಲ್ಲ. ಸಿಲಿಂಡರುಗಳಿಗೆ ಗಾಳಿ ಹಂಚುವ ಈ ಭಾಗವನ್ನು ಬಿಚ್ಚಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟುಗಳನ್ನು ಕ್ರಮವರಿತು ಬಿಗಿಯಲು ತಾಳ್ಮೆಯೂ ತಿಳಿವಳಿಕೆಯೂ ಬೇಕು. ಆದರೆ ಗಾಳಿ-ಇಂಧನಗಳ ಅನುಪಾತ ತಪ್ಪಿದರೆ ಹೊಗೆ ಕುಡಿಯಬೇಕಾದವರು ನೆರೆಹೊರೆಯವರು.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯಾದರೋ ಇಂಥ ಬಿಡಿಭಾಗಗಳನ್ನು ಪರಿಶೀಲಿಸಿ, ಮಾಲಿನ್ಯ ಹೆಚ್ಚದಿದ್ದರೆ ಆದೇಶಸಂಖ್ಯೆ ನೀಡುತ್ತದೆ; ಅಂಥ ಭಾಗ ಜೋಡಿಸಿದ ಕಾರು ರಸ್ತೆಗಿಳಿಯಬಹುದು. ಸಿಎನ್‌ಜಿ ಕಿಟ್‌ಗಳಿಗೆ ನಮ್ಮಲ್ಲೂ ಅನುಮೋದನೆಯ ಕ್ರಮವುಂಟು. ಅದನ್ನು ಇವುಗಳಿಗೂ ವಿಸ್ತರಿಸಿ, ಹೊಗೆಯನ್ನು ಅಳೆದ ನಂತರವೇ ಸರ್ಕಾರ ತಪ್ಪು-ಒಪ್ಪುಗಳನ್ನು ನಿರ್ಣಯಿಸಲಿ.