‘512 ಸಾಕು’ ಅನ್ನೋ ಮಾತನ್ನ ನಂಬಬೇಡಿ

1/6

ಮೊನ್ನೆ ರಾತ್ರಿ ಒಬ್ಬ ಹುಡುಗ ಕೊಟೇಶನ್ ಫೋಟೋ ಕಳಿಸಿದ್ದ. ಎಸ್‌ಪಿ ರೋಡಿನ ಒಂದು ಅಂಗಡಿಯದು. “ಅಕ್ಕ, ಒಂದ್ಸಲ ನೋಡಿ ಹೇಳಿ. ನಾಳೆ ಅಪ್ಪ ದುಡ್ಡು ಕೊಡ್ತಾರೆ.”

ನೋಡಿದೆ. ಗ್ರಾಫಿಕ್ಸ್ ಕಾರ್ಡ್ ಸರಿಯಾಗಿದೆ, ಪ್ರೊಸೆಸರೂ ಸರಿಯಾಗಿದೆ. ಮೂರು ಕಡೆ ಗಾಜಿರೋ ಕ್ಯಾಬಿನೆಟ್. ಅದರೊಳಗೆ ಮದುವೆ ಮನೆ ಸೀರಿಯಲ್ ಸೆಟ್ ಥರ ಮಿನುಗೋ ಆರು ಫ್ಯಾನು. ಅವಕ್ಕೊಂದು ರಿಮೋಟ್ ಬೇರೆ! ಎಲ್ಲಾ ಮುಗಿದ ಮೇಲೆ ಕೊನೇ ಸಾಲಲ್ಲಿ, ನಾಚಿಕೊಂಡು ಕೂತಿರೋ ಹಾಗೆ: ಎಸ್‌ಎಸ್‌ಡಿ, 512 ಜಿಬಿ.

ಯಾಕೆ 512 ಅಂತ ಕೇಳಿದ್ರೆ ಅಂಗಡಿಯವರು ಹೇಳಿದ್ರಂತೆ, “ಸಾಕು, ಬೇಕಾದ್ರೆ ಆಮೇಲೆ ಹಾಕಿಸ್ಕೊಬಹುದು.”

ಈ ‘ಆಮೇಲೆ’ ಮೇಲೆ ನನಗೆ ಹಳೇ ಸಿಟ್ಟಿದೆ. ಅದಕ್ಕೇ ಈ ಸರಣಿ. ನೇರವಾಗಿ ಹೇಳ್ತೀನಿ: ಮನೆಗೆ ಒಂದೇ ಡ್ರೈವ್ ಇರೋ ಗೇಮಿಂಗ್ ಪಿಸಿ ಕಟ್ಟಿಸ್ತಿದ್ದರೆ 1 ಟಿಬಿಗಿಂತ ಕೆಳಗೆ ಇಳಿಯಬೇಡಿ. ದುಡ್ಡು ಸಾಲದಿದ್ದರೆ ಫ್ಯಾನ್ ಕಿತ್ತುಹಾಕಿಸಿ, ಗಾಜು ಬಿಡಿ, ಡ್ರೈವ್ ಸೈಜಿಗೆ ಮಾತ್ರ ಕತ್ತರಿ ಹಾಕಬೇಡಿ.

2/6

ಲೆಕ್ಕ ಮಾಡೋಣ ಬನ್ನಿ. ಪೆನ್ನು ಬೇಡ, ಬೆರಳು ಸಾಕು.

ಡಬ್ಬಿ ಮೇಲೆ 512 ಅಂತ ಇರುತ್ತೆ. ವಿಂಡೋಸ್‌ನಲ್ಲಿ ತೆರೆದರೆ 476. ಯಾರೂ ಕದ್ದಿಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಅಳೀತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತೆ, ಅಷ್ಟೇ. 1 ಟಿಬಿ ಕೂಡ ಹಾಗೇ 931 ಅಂತ ಕಾಣುತ್ತೆ. ವಾಪಸ್ ಕೊಡೋಕೆ ಅಂಗಡಿಗೆ ಓಡಬೇಡಿ.

ಆ 476ರಲ್ಲಿ ವಿಂಡೋಸು, ಅದರ ಅಪ್‌ಡೇಟು, ಬ್ರೌಸರು, ಡಿಸ್ಕಾರ್ಡು, ಪೇಜ್ ಫೈಲು ಇವೆಲ್ಲ ಸೇರಿ 70-80 ಹೋಯ್ತು ಅಂತಿಟ್ಕೊಳ್ಳಿ. ಎಸ್‌ಎಸ್‌ಡಿಯನ್ನ ಕಂಠಮಟ್ಟ ತುಂಬಿಸಬಾರದು (ಯಾಕೆ ಅಂತ ಮುಂದೆ ಹೇಳ್ತೀನಿ), ಹಾಗಾಗಿ ಇನ್ನೊಂದು 50-60 ಖಾಲಿ ಬಿಡಿ. ಉಳಿದದ್ದು ಹೆಚ್ಚುಕಡಿಮೆ 340.

ಈಗ ಆಟಗಳು. ರೆಡ್ ಡೆಡ್ ರಿಡೆಂಪ್ಷನ್ 2 ಕೇಳೋದು 150 ಜಿಬಿ. ಬಾಲ್ಡರ್ಸ್ ಗೇಟ್ 3 ಇನ್ನೊಂದು 150. ಮುಗೀತು! ಫ್ರೆಂಡ್ಸ್ ಜೊತೆ ಸಂಜೆ ಆಡೋಕೆ ಕೌಂಟರ್ ಸ್ಟ್ರೈಕ್ 2 ಬೇಕಂದ್ರೆ ಅದಕ್ಕೆ 85, ಜಾಗ ಇಲ್ಲ. ಸ್ಟಾರ್‌ಫೀಲ್ಡ್ 125 ಕೇಳುತ್ತೆ, ಅದನ್ನ ಮರೆತುಬಿಡಿ. ಅಷ್ಟೆಲ್ಲ ಕೊಟ್ಟು ತಂದ ಗ್ರಾಫಿಕ್ಸ್ ಕಾರ್ಡ್‌ಗೆ ಎರಡು ದೊಡ್ಡ ಆಟದ ಭಾಗ್ಯ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಹಿರಿಯರು. ಒಪ್ಪುತ್ತೀನಿ. ಆದ್ರೆ ಇಲ್ಲಿ ಹಾಸಿಗೆಯನ್ನೇ ಕತ್ತರಿಸಿ ದಿಂಬಿಗೆ ಜರಿ ಹೊಲಿಸ್ತಿದಾರಲ್ಲ, ಅದಕ್ಕೇನು ಹೇಳೋದು?

3/6

“ಬೇಡದ್ದು ಡಿಲೀಟ್ ಮಾಡಿ, ಬೇಕಾದಾಗ ಮತ್ತೆ ಡೌನ್‌ಲೋಡ್ ಮಾಡ್ಕೊಂಡ್ರಾಯ್ತು.” ಈ ಮಾತು ಹೇಳೋರು ಬಹುತೇಕ 200-300 ಎಂಬಿಪಿಎಸ್ ಫೈಬರ್ ಇರೋ ಮನೆಯವರು. ನಮ್ಮೂರ ಕಡೆ ಬನ್ನಿ. 30 ಎಂಬಿಪಿಎಸ್ ಪ್ಲಾನಿನಲ್ಲಿ 150 ಜಿಬಿ ಇಳಿಯೋಕೆ ಹನ್ನೊಂದು ಗಂಟೆ ಬೇಕು. ಅದೂ ಸ್ಪೀಡ್ ಒಂದು ಚೂರೂ ಬೀಳದೆ, ಕರೆಂಟ್ ಹೋಗದೆ, ಮನೇಲಿ ಇನ್ಯಾರೂ ಸೀರಿಯಲ್ ನೋಡದೆ ಇದ್ದರೆ. ಭಾನುವಾರ ಬೆಳಿಗ್ಗೆ ಆಡಬೇಕು ಅಂದ್ರೆ ಶನಿವಾರ ಸಂಜೆಯೇ ಹಚ್ಚಿ ಮಲಗಬೇಕು. 100 ಎಂಬಿಪಿಎಸ್ ಆದ್ರೂ ಮೂರು ಗಂಟೆ ಇಪ್ಪತ್ತು ನಿಮಿಷ.

ಅಂದ್ರೆ ನೆಟ್ ಎಷ್ಟು ನಿಧಾನವೋ ಡ್ರೈವ್ ಅಷ್ಟು ದೊಡ್ಡದಿರಬೇಕು. ಅಂಗಡಿಯಲ್ಲಿ ಯಾರಾದ್ರೂ ನಿಮ್ಮ ಮನೆ ನೆಟ್ ಎಷ್ಟು ಅಂತ ಕೇಳಿದ್ರಾ? ನನ್ನನ್ನಂತೂ ಇವತ್ತಿನವರೆಗೂ ಕೇಳಿಲ್ಲ.

ಆಟ ಮಾಡೋರದ್ದೂ ತಪ್ಪಿದೆ, ಬಿಡಲ್ಲ. ಹೆಲ್‌ಡೈವರ್ಸ್ 2 ಪಿಸಿಯಲ್ಲಿ ಸುಮಾರು 150 ಜಿಬಿ ತಿನ್ನುತ್ತಿತ್ತು. ಹಳೇ ಹಾರ್ಡ್ ಡಿಸ್ಕ್ ಇರೋರಿಗೆ ಬೇಗ ಲೋಡ್ ಆಗಲಿ ಅಂತ ಒಂದೇ ಫೈಲನ್ನ ಹತ್ತಾರು ಕಡೆ ಇಟ್ಟಿದ್ದರಂತೆ. 2025ರ ಕೊನೆಯಲ್ಲಿ ಅದನ್ನ ತೆಗೆದು ನೋಡಿದ್ರೆ ಆಟ ಸುಮಾರು 23 ಜಿಬಿಗೆ ಇಳೀತು. ಹಾರ್ಡ್ ಡಿಸ್ಕ್‌ನವರಿಗೂ ಲೋಡ್ ಆಗೋದು ಕೆಲವೇ ಸೆಕೆಂಡ್ ತಡ ಆಯ್ತು, ಅಷ್ಟೇ. ಇಷ್ಟು ದಿನ ನಮ್ಮ ಜಾಗ, ನಮ್ಮ ಡೇಟಾ ಸುಮ್ಮನೆ ಹೋಯ್ತಲ್ಲ! ಆದರೆ ಎಲ್ಲರೂ ಹೀಗೆ ತಿದ್ಕೊಳ್ತಾರೆ ಅಂತ ಕಾಯ್ತಾ ಕೂರೋಕಾಗಲ್ಲ.

4/6

ಈ ಫೋಟೋದಲ್ಲಿರೋದು ನಮ್ಮನೆ ಹಳೇ ಪಿಸಿ. ದಾವಣಗೆರೆ, 2020. ಲಾಕ್‌ಡೌನ್ ಟೈಮು. ತಮ್ಮನಿಗೆ ಆನ್‌ಲೈನ್ ಕ್ಲಾಸಿಗೂ ಆಯ್ತು, ಆಟಕ್ಕೂ ಆಯ್ತು ಅಂತ ಅಪ್ಪ ಚೀಟಿ ದುಡ್ಡು ಎತ್ತಿ ಕೊಟ್ಟರು. ಪಾರ್ಟ್ಸ್ ಪಟ್ಟಿ ಬರೆದದ್ದು ನಾನು. ಎಸ್‌ಎಸ್‌ಡಿ 256 ಜಿಬಿ. “ಸಾಕಪ್ಪ, ಆಮೇಲೆ ಹಾಕಿಸೋಣ” ಅಂದವಳೂ ನಾನೇ. ಉಳಿದ ದುಡ್ಡಲ್ಲಿ ಬಣ್ಣ ಬದಲಾಯಿಸೋ ಕೀಬೋರ್ಡ್ ಬಂತು.

ಅಪ್ಪನ ಫೋನು ತುಂಬಿದಾಗ ತಮ್ಮ ಅದರಲ್ಲಿದ್ದದ್ದನ್ನೆಲ್ಲ ಪಿಸಿಗೆ ಹಾಕಿ ಒಂದು ಫೋಲ್ಡರ್ ಮಾಡಿಟ್ಟಿದ್ದ. ಹೆಸರು ‘ಅಪ್ಪ ಫೋನ್ ಹಳೇದು’. ಅದರಲ್ಲಿ ಅಜ್ಜಿ ಸೋಬಾನೆ ಪದ ಹೇಳಿದ್ದು ಆರೇಳು ರೆಕಾರ್ಡಿಂಗ್ ಇತ್ತು. ಅಜ್ಜಿ ಹೋಗಿ ಆಗಲೇ ವರ್ಷ ಆಗಿತ್ತು.

ಕಾಲ್ ಆಫ್ ಡ್ಯೂಟಿ ಪಿಸಿಯಲ್ಲಿ 200 ಜಿಬಿ ಮುಟ್ಟುತ್ತಿದ್ದ ಕಾಲ ಅದು. ಒಂದು ರಾತ್ರಿ ಅಪ್‌ಡೇಟ್ ಬಂತು, ಜಾಗ ಇಲ್ಲ. ಗೆಳೆಯರು ಕಾಯ್ತಿದ್ದಾರೆ. ‘ಹಳೇದು’ ಅಂತಿದ್ದ ಫೋಲ್ಡರ್ ಕಣ್ಣಿಗೆ ಬಿತ್ತು. ಶಿಫ್ಟ್ ಡಿಲೀಟ್.

ಎರಡು ದಿನ ಆದ್ಮೇಲೆ ಗೊತ್ತಾಯ್ತು. ರಿಕವರಿ ಮಾಡೋರ ಹತ್ತಿರ ಒಯ್ದೆವು. ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ ಡಿಲೀಟ್ ಆದದ್ದು ಎಷ್ಟೋ ಸಲ ವಾಪಸ್ ಸಿಗುತ್ತೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅಂತ ಒಂದಿದೆ. ನೀವು ಡಿಲೀಟ್ ಮಾಡಿದ್ದನ್ನ ವಿಂಡೋಸ್ ಡ್ರೈವಿಗೆ ಹೇಳಿಬಿಡುತ್ತೆ, ಡ್ರೈವ್ ತನ್ನ ಪಾಡಿಗೆ ತಾನು ಆ ಜಾಗ ಒರೆಸಿಬಿಡುತ್ತೆ. ಏನೂ ಸಿಗಲಿಲ್ಲ. ಅಪ್ಪ ಬೈಲಿಲ್ಲ. “ಹೋಗ್ಲಿ ಬಿಡು” ಅಂದ್ರು. ತಮ್ಮ ಮಾತ್ರ ಒಂದು ತಿಂಗಳು ಆ ಪಿಸಿ ಆನ್ ಮಾಡಲಿಲ್ಲ.

ಇನ್ನೊಂದು ಕಾಪಿ ಇಡಬೇಕಿತ್ತು ಅಂತೀರಿ, ಗೊತ್ತು. ಇಡಬೇಕಿತ್ತು. 2 ಟಿಬಿ ಇದ್ದರೂ ಡ್ರೈವ್ ಕೆಟ್ಟರೆ ಕೆಟ್ಟಂಗೇ. ಆದರೆ ಅವತ್ತು ಡ್ರೈವ್ ಕೆಟ್ಟಿರಲಿಲ್ಲ. ಜಾಗ ಸಾಲಲಿಲ್ಲ ಅಂತ ಒಬ್ಬ ಹದಿನೇಳರ ಹುಡುಗ ಅವಸರದಲ್ಲಿ ಆರಿಸಬೇಕಾಯ್ತು. ಆ ಅವಸರಕ್ಕೆ ತಂದಿಟ್ಟದ್ದು ನನ್ನ ಪಟ್ಟಿ. ನಮ್ಮಂಥ ಮನೆಯಲ್ಲಿ ‘ಗೇಮಿಂಗ್ ಪಿಸಿ’ ಅನ್ನೋದು ಹೆಸರಿಗಷ್ಟೇ ಕಣ್ರೀ. ಮಾರ್ಕ್ಸ್ ಕಾರ್ಡ್ ಸ್ಕ್ಯಾನು, ಗೃಹಪ್ರವೇಶದ ವಿಡಿಯೋ, ಪಹಣಿ ಪಿಡಿಎಫ್ಫು ಎಲ್ಲಾ ಅದರ ಹೊಟ್ಟೆಗೇ ಹೋಗೋದು. ಮನೆಯ ಅಟ್ಟ ಅದು.

5/6

ಈಗ ‘ಆಮೇಲೆ ಹಾಕಿಸ್ಕೊಬಹುದು’ ವಿಚಾರ.

ಎಷ್ಟೋ ಕಡಿಮೆ ಬೆಲೆಯ ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ಒಂದೇ ಇರುತ್ತೆ. ಅದರಲ್ಲಿ 512 ಕೂತ್ಕೊಂಡಿದ್ದರೆ, ಆಮೇಲೆ ದೊಡ್ಡದು ತಂದಾಗ ಚಿಕ್ಕದನ್ನ ಕಿತ್ತು, ವಿಂಡೋಸ್ ಕ್ಲೋನ್ ಮಾಡಿಸಬೇಕು. ಆ 512 ಡ್ರಾಯರ್ ಸೇರುತ್ತೆ. ಕೆಲವು ಬೋರ್ಡ್‌ಗಳಲ್ಲಿ ಎರಡನೇ ಸ್ಲಾಟ್ ಇದ್ದರೂ ಅದನ್ನ ಬಳಸಿದ ಕೂಡಲೇ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತೆ. ಕೊಳ್ಳೋಕೆ ಮುಂಚೆ ಬೋರ್ಡಿನ ಮ್ಯಾನುಯಲ್ ತೆಗೆದು ನೋಡಿ.

ಆಮೇಲೆ ಅಗ್ಗ ಆಗುತ್ತೆ ಅನ್ನೋದೂ ಗ್ಯಾರಂಟಿ ಇಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ರ‍್ಯಾಮು, ಎಸ್‌ಎಸ್‌ಡಿ ಎರಡರ ಬೆಲೆಯೂ ಏರಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ನಾವೆಲ್ಲ ಕೊಳ್ಳುತ್ತಿದ್ದ ಕ್ರೂಷಿಯಲ್ ಬ್ರಾಂಡಿನ ವ್ಯಾಪಾರವನ್ನೇ ಮುಚ್ಚೋದಾಗಿ ಹೇಳಿತು.

ಚಿಕ್ಕ ಡ್ರೈವ್ ಬರೀ ಚಿಕ್ಕದಲ್ಲ, ಎಷ್ಟೋ ಸಲ ನಿಧಾನವೂ ಹೌದು. ಸ್ಯಾಮ್ಸಂಗ್ 970 ಇವೊ ಪ್ಲಸ್ ನೋಡಿ. ಒಂದೇ ಹೆಸರು, ಒಂದೇ ಡಬ್ಬಿ. 250 ಜಿಬಿಯದು ಬರೆಯೋ ವೇಗ ಸೆಕೆಂಡಿಗೆ 2,300 ಎಂಬಿ, 1 ಟಿಬಿಯದು 3,300. ವಾರಂಟಿ ಅವಧಿಯಲ್ಲಿ ಬರೆಯಬಹುದಾದ ಒಟ್ಟು ಡೇಟಾ 500 ಜಿಬಿಗೆ 300 ಟಿಬಿ, 1 ಟಿಬಿಗೆ 600. ಇನ್ನು ಕಡಿಮೆ ಬೆಲೆಯ ಕ್ಯೂಎಲ್‌ಸಿ ಡ್ರೈವ್‌ಗಳು ಖಾಲಿ ಜಾಗವನ್ನೇ ವೇಗದ ಕ್ಯಾಶ್ ಥರ ಬಳಸ್ತಾವೆ. ತುಂಬ್ತಾ ಬಂದಂತೆ ಆ ಕ್ಯಾಶ್ ಕರಗುತ್ತೆ, ದೊಡ್ಡ ಫೈಲ್ ಹಾಕೋವಾಗ ಎತ್ತಿನಗಾಡಿ ಆಗ್ತಾವೆ. ಕಂಠಮಟ್ಟ ತುಂಬಿಸಬೇಡಿ ಅಂದದ್ದು ಇದಕ್ಕೇ.

ಹಾಗಂತ ಜೆನ್ 5, ಸೆಕೆಂಡಿಗೆ 14,000 ಎಂಬಿ ಅಂತ ಡಬ್ಬಿ ಮೇಲೆ ಬರೆದದ್ದಕ್ಕೆ ಮರುಳಾಗಬೇಡಿ. ಬಹುತೇಕ ಆಟಗಳಲ್ಲಿ ಜೆನ್ 3ಗೂ ಅದಕ್ಕೂ ಲೋಡಿಂಗ್ ವ್ಯತ್ಯಾಸ ಒಂದೆರಡು ಸೆಕೆಂಡ್. ವೇಗಕ್ಕೆ ಕೊಡೋ ದುಡ್ಡನ್ನ ಜಾಗಕ್ಕೆ ಕೊಡಿ.

6/6

ಎಲ್ಲರಿಗೂ 2 ಟಿಬಿ ಅನ್ನೋರ ಜೊತೆಗೂ ನನ್ನದು ಜಗಳವೇ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಬಿಟ್ಟು ಬೇರೆ ಏನೂ ಆಡಲ್ಲ, ಮನೆಯವರು ಯಾರೂ ಮುಟ್ಟಲ್ಲ ಅಂತಾದರೆ 512 ನಿಜಕ್ಕೂ ಸಾಕು. ನೀವು ಹಾಗಿದ್ದೀರಾ ಅಂತ ನೀವೇ ಕೇಳ್ಕೊಳ್ಳಿ. ಮಾಡ್ ಹಾಕೋರು, ಆಟ ರೆಕಾರ್ಡ್ ಮಾಡಿ ಎಡಿಟ್ ಮಾಡೋರು 2 ಟಿಬಿಗೆ ಹೋಗಲಿ. ನಡುವೆ ಇರೋ ನಮ್ಮಂಥವರಿಗೆ 1 ಟಿಬಿ. ಅದರಲ್ಲಿ ಮೇಲೆ ಹೇಳಿದ ನಾಲ್ಕೂ ಆಟ, ಜೊತೆಗೆ ಸೈಬರ್‌ಪಂಕ್ 70, ಎಲ್ಡನ್ ರಿಂಗ್ 60 ಹಿಡಿಸಿಯೂ ಮನೆಯವರ ಫೋಟೋಗೆ ನೂರು ಜಿಬಿ ಹತ್ತಿರ ಉಳಿಯುತ್ತೆ.

1 ಟಿಬಿ ಬೆಲೆ ಕೇಳಿ ಎದೆ ಝಲ್ ಅಂದ್ರೆ, ಹಳೇ ಪಿಸಿಯ ಹಾರ್ಡ್ ಡಿಸ್ಕ್ ಇನ್ನೂ ಗಟ್ಟಿಯಿದ್ದರೆ ಅದನ್ನೇ ಪಕ್ಕಕ್ಕೆ ಹಾಕಿ. ಹಳೇ ಆಟಗಳು ಅದರಲ್ಲಿ ಆರಾಮಾಗಿ ನಡೀತಾವೆ. ಸ್ಟೀಮ್‌ನಲ್ಲಿ ಎರಡು ಡ್ರೈವಿಗೂ ಬೇರೆ ಬೇರೆ ಲೈಬ್ರರಿ ಮಾಡಿ, ಆಡದೆ ಬಿಟ್ಟ ಆಟವನ್ನ ಡಿಲೀಟ್ ಮಾಡೋ ಬದಲು ಅಲ್ಲಿಗೆ ಸಾಗಿಸಿ. ಬಾಲ್ಡರ್ಸ್ ಗೇಟ್, ಸ್ಟಾರ್‌ಫೀಲ್ಡ್ ಥರದವು ಎಸ್‌ಎಸ್‌ಡಿಯೇ ಬೇಕು ಅಂತಾವೆ, ಅವು ಇಲ್ಲೇ ಇರಲಿ.

ಆ ಹುಡುಗನ ಕೊಟೇಶನ್ ವಿಷಯ: ಆರು ಫ್ಯಾನು ಮೂರಾಯ್ತು, ಗಾಜಿನ ಕ್ಯಾಬಿನೆಟ್ ಹೋಗಿ ಜಾಲರಿಯದ್ದು ಬಂತು, 512 ಹೋಗಿ 1 ಟಿಬಿ ಬಂತು. ಒಟ್ಟು ಬಿಲ್ ಸ್ವಲ್ಪ ಹೆಚ್ಚಾಯ್ತು, ಅವನಪ್ಪ ಒಪ್ಪಿದ್ರಂತೆ. ಅಂಗಡಿಯವರು ಮಾತ್ರ “ಲುಕ್ ಬರಲ್ಲ” ಅಂದ್ರಂತೆ. ಮೇಜಿನ ಕೆಳಗೆ ಇಡ್ತಾನಂತೆ, ಲುಕ್ ಯಾರು ನೋಡ್ತಾರೆ?

ನಿಮ್ಮ ಕೊಟೇಶನ್ ಇದ್ದರೆ ಕಳಿಸಿ. ಜೊತೆಗೆ ಮನೆ ನೆಟ್ ಸ್ಪೀಡ್ ಎಷ್ಟು, ಆ ಪಿಸಿಯನ್ನ ಇನ್ಯಾರ್ಯಾರು ಬಳಸ್ತಾರೆ ಅಂತ ಬರೀರಿ. ಅದಿಲ್ಲದೆ ಉತ್ತರ ಹೇಳಲ್ಲ.

#ಕನ್ನಡಟೆಕ್ #ಗೇಮಿಂಗ್‌ಪಿಸಿ #ಎಸ್‌ಎಸ್‌ಡಿ